ವೇಗಕ್ಕೆ ಹಣ ಕೊಡುವ ಮುನ್ನ

ಅಂಕೋಲಾದ ಓದುಗ ಸಹೋದರಿಯೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರು ಮನೆಯಲ್ಲೇ ಬಟ್ಟೆ ಹೊಲಿಯುವವರು. ಮಗ ಬಿಸಿಎ ಓದುತ್ತಿದ್ದಾನೆ. ಕೆಲವು ವರ್ಷಗಳ ಹಿಂದೆ ಕೊಂಡ ಕಂಪ್ಯೂಟರ್ ಈಗ ನಿಧಾನವಾಗಿದೆ. ಅದರ ಪ್ರೊಸೆಸರ್ ತೆಗೆದು ಹೊಸದನ್ನು ಕೂರಿಸಿದರೆ ಚೆನ್ನಾಗಿ ಓವರ್‌ಕ್ಲಾಕ್ ಮಾಡಬಹುದು, ಆಗ ವೇಗ ಎರಡು ಪಟ್ಟಾಗುತ್ತದೆ ಎಂದು ಮಗ ಹೇಳುತ್ತಿದ್ದಾನೆ. ಈದ್‌ನ ಹೊಲಿಗೆಯಲ್ಲಿ ಉಳಿಸಿದ ಹಣ ಕಪಾಟಿನಲ್ಲಿದೆ. "ಕೊಡಲೋ ಬೇಡವೋ ತಿಳಿಯುತ್ತಿಲ್ಲ. ಏನಾದರೂ ಕೇಳಿದರೆ, ನಿನಗೆ ಇದೆಲ್ಲ ಅರ್ಥವಾಗುವುದಿಲ್ಲ ಅಮ್ಮಿ ಎನ್ನುತ್ತಾನೆ" ಎಂದು ಅವರು ಬರೆದಿದ್ದಾರೆ.

ಕಾರವಾರದ ಇನ್ನೊಬ್ಬ ಸಹೋದರಿಯ ಪ್ರಶ್ನೆಯೂ ಹೆಚ್ಚು ಕಡಿಮೆ ಇದೇ. ಅಲ್ಲಿ ಕೇಳುತ್ತಿರುವವಳು ಮಗಳು, ಮನೆಯಲ್ಲಿರುವುದು ಲ್ಯಾಪ್‌ಟಾಪ್. ಎರಡಕ್ಕೂ ಇಲ್ಲಿ ಒಟ್ಟಿಗೇ ಉತ್ತರಿಸುತ್ತೇನೆ.

"ನಿನಗೆ ಅರ್ಥವಾಗುವುದಿಲ್ಲ" ಎಂಬ ಮಾತನ್ನು ಮೊದಲು ಬದಿಗಿಡೋಣ. ಹಣ ಕೊಡುವವರಿಗೆ ಅರ್ಥವಾಗದ ವಸ್ತುವನ್ನು ಮನೆಗೆ ತರುವುದು ಒಳ್ಳೆಯ ರೂಢಿಯಲ್ಲ. ತಿಳಿಯದೆ ಕೊಟ್ಟರೆ ಹಣ ಪೋಲಾಗಬಹುದು. ತಿಳಿಯದೆ ಬೇಡವೆಂದರೆ ಮಗನ ನಿಜವಾದ ಅಗತ್ಯ ತಪ್ಪಿಹೋಗಬಹುದು. ವಿಷಯವೇನೂ ಅಷ್ಟು ಕಠಿಣವಲ್ಲ. ಹೊಲಿಗೆ ಯಂತ್ರ ಬಲ್ಲವರಿಗಂತೂ ಸುಲಭ.

ಹೊಲಿಗೆ ಯಂತ್ರದ ಲೆಕ್ಕ

ಪ್ರೊಸೆಸರ್ ಎಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಚಿಪ್. ಯಂತ್ರದ ಸೂಜಿ ನಿಮಿಷಕ್ಕೆ ಇಷ್ಟು ಸಲ ಕೆಳಗಿಳಿಯುತ್ತದೆ ಎಂದು ಲೆಕ್ಕವಿರುವಂತೆ, ಚಿಪ್ಪಿಗೂ ಒಂದು ಬಡಿತವಿದೆ. ಅದನ್ನೇ ಕ್ಲಾಕ್ ಎನ್ನುತ್ತಾರೆ. 1 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 100 ಕೋಟಿ ಬಡಿತ. 3.1 ಗಿಗಾಹರ್ಟ್ಸ್ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಸೆಕೆಂಡಿಗೆ 310 ಕೋಟಿ ಬಡಿತ.

ಆದರೆ ಸೂಜಿಯ ವೇಗವೊಂದರಿಂದಲೇ ದಿನಕ್ಕೆ ಎಷ್ಟು ಬಟ್ಟೆ ಹೊಲಿದಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಎಷ್ಟು ಯಂತ್ರಗಳಿವೆ, ಒಂದೊಂದು ಬಡಿತಕ್ಕೆ ಎಷ್ಟು ಕೆಲಸ ಮುಂದೆ ಹೋಗುತ್ತದೆ, ನೂಲು ಮತ್ತು ಬಟ್ಟೆ ಕೈಗೆಟುಕುವಂತೆ ಹತ್ತಿರದಲ್ಲಿವೆಯೇ ಎಂಬುದನ್ನೂ ನೋಡಬೇಕು. ಚಿಪ್ಪಿನಲ್ಲಿ ಯಂತ್ರಗಳ ಸಂಖ್ಯೆಗೆ ಕೋರ್ ಎನ್ನುತ್ತಾರೆ. ಹತ್ತಿರ ಇಟ್ಟುಕೊಂಡ ನೂಲಿನ ಪೆಟ್ಟಿಗೆಗೆ ಕ್ಯಾಶೆ ಎನ್ನುತ್ತಾರೆ.

ಕಂಪನಿ ಗೊತ್ತುಪಡಿಸಿದ ಬಡಿತಕ್ಕಿಂತ ಹೆಚ್ಚು ಬಡಿತದಲ್ಲಿ ಚಿಪ್ಪನ್ನು ಓಡಿಸುವುದೇ ಓವರ್‌ಕ್ಲಾಕ್. ಮೋಟಾರು ಕೂರಿಸಿದ ಹೊಲಿಗೆ ಯಂತ್ರವನ್ನು ಅದರ ಮಿತಿ ಮೀರಿ ಓಡಿಸಿದಂತೆ. ಸ್ವಲ್ಪ ಮೀರಿದರೆ ಕೆಲಸ ಬೇಗ ಮುಗಿಯುತ್ತದೆ. ಇನ್ನೂ ಮೀರಿದರೆ ನೂಲು ಹರಿಯುತ್ತದೆ, ಹೊಲಿಗೆ ತಪ್ಪುತ್ತದೆ, ಮೋಟಾರು ಕಾಯುತ್ತದೆ.

ಇಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಹೊಸ ಪ್ರೊಸೆಸರ್ ಹಾಕಿದರೆ ಕಂಪ್ಯೂಟರ್ ವೇಗವಾಗುತ್ತದೆಯೇ ಎಂಬುದು ಒಂದು. ಅದನ್ನು ಮಿತಿ ಮೀರಿ ಓಡಿಸುವ ಅವಕಾಶ ಹೆಚ್ಚುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬಹಳಷ್ಟು ಸಲ ಹೌದು ಎಂದೇ ಉತ್ತರ. ಎರಡನೆಯದಕ್ಕೆ ಅನೇಕ ಸಲ ಇಲ್ಲ ಎಂದು ಉತ್ತರ. ಮಕ್ಕಳು ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಗೊಂದಲ.

ಎರಡು ಪಟ್ಟಿನ ಮಾತು ಎಲ್ಲಿಂದ ಬಂತು?

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. 1998ರಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ಪನ್ನು ಮಾರುಕಟ್ಟೆಗೆ ತಂದಿತು. ಅದರ ವೇಗ 300 ಮೆಗಾಹರ್ಟ್ಸ್. ಆಗಿನ ಮದರ್‌ಬೋರ್ಡಿನ ಬಡಿತ 66 ಮೆಗಾಹರ್ಟ್ಸ್; ಚಿಪ್ ಅದನ್ನು 4.5ರಿಂದ ಗುಣಿಸಿಕೊಂಡು 300 ಆಗುತ್ತಿತ್ತು. ಬೋರ್ಡಿನ ಬಡಿತವನ್ನು 100ಕ್ಕೆ ಏರಿಸಿದರೆ ಅದೇ ಚಿಪ್ 450 ಮೆಗಾಹರ್ಟ್ಸಿನಲ್ಲಿ ಓಡುತ್ತಿತ್ತು. ಹೆಚ್ಚು ಹಣ ಕೊಡದೆ ಒಂದೂವರೆ ಪಟ್ಟು ವೇಗ! ಅಗ್ಗದ ಚಿಪ್ಪಿನಲ್ಲಿ ಕಂಪನಿ ಅಷ್ಟು ಶಕ್ತಿಯನ್ನು ಬಳಸದೆ ಬಿಟ್ಟಿದ್ದರಿಂದ ಇದು ಸಾಧ್ಯವಾಯಿತು. ಅಂದಿನಿಂದ ಓವರ್‌ಕ್ಲಾಕ್ ಎಂದರೆ ಪುಕ್ಕಟೆ ವೇಗ ಎಂಬ ಮಾತು ಹರಡಿತು.

ಆ ಕಾಲ ಮುಗಿದು ಬಹಳ ವರ್ಷಗಳಾದವು. ಬಡಿತ ಏರಿಸಿದಂತೆ ಶಾಖ ಏರುತ್ತದೆ. ಹೆಚ್ಚು ಬಡಿತದಲ್ಲಿ ಚಿಪ್ ತಪ್ಪದೆ ಓಡಬೇಕಾದರೆ ಅದಕ್ಕೆ ಕೊಡುವ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ವೋಲ್ಟೇಜಿನ ಪರಿಣಾಮ ಒಂದಕ್ಕೆ ಒಂದಲ್ಲ. ಅದರ ವರ್ಗದಂತೆ ಬೆಳೆಯುತ್ತದೆ. ಬಡಿತವನ್ನು ಶೇಕಡಾ 10, ವೋಲ್ಟೇಜನ್ನು ಶೇಕಡಾ 10 ಏರಿಸಿದರೆ ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ಶೇಕಡಾ 33ರಷ್ಟು ಹೆಚ್ಚುತ್ತದೆ. ಆ ವಿದ್ಯುತ್ತೆಲ್ಲ ಕಡೆಗೆ ಶಾಖವೇ. 2004ರಲ್ಲಿ ಇಂಟೆಲ್ ಕಂಪನಿಯೇ 4 ಗಿಗಾಹರ್ಟ್ಸಿನ ಪೆಂಟಿಯಂ 4 ಚಿಪ್ ತರುವ ಯೋಜನೆಯನ್ನು ಕೈಬಿಟ್ಟಿತು. ಬರೀ ಬಡಿತ ಏರಿಸುತ್ತಾ ಹೋಗುವ ದಾರಿ ಅಲ್ಲಿಗೆ ಕಟ್ಟಿತು. ಅನಂತರ ಕಂಪನಿಗಳು ಕೋರುಗಳನ್ನು ಹೆಚ್ಚಿಸತೊಡಗಿದವು.

ಇದಕ್ಕೆ ನಮ್ಮ ಕರ್ನಾಟಕದ್ದೇ ಒಂದು ಒಳ್ಳೆಯ ಉದಾಹರಣೆಯಿದೆ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಝಿಯಾನ್ 7400 ಎಂಬ ಚಿಪ್ಪುಗಳ ಸರಣಿಯನ್ನು ಬಿಡುಗಡೆ ಮಾಡಿತು. ಅದರ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. 190 ಕೋಟಿ ಟ್ರಾನ್ಸಿಸ್ಟರುಗಳ, ಆರು ಕೋರುಗಳ ಚಿಪ್ ಅದು. ಆ ಸರಣಿಯ ಅತಿ ವೇಗದ ಚಿಪ್ಪಿನ ಬಡಿತ 2.66 ಗಿಗಾಹರ್ಟ್ಸ್. ಅದಕ್ಕಿಂತ ಹಿಂದಿನ ಸರಣಿಯ ನಾಲ್ಕು ಕೋರಿನ ಚಿಪ್ಪಿನದು 2.93. ಅಂದರೆ ಹೊಸ ಚಿಪ್ಪಿನ ಬಡಿತ ಹಳೆಯದಕ್ಕಿಂತ ಕಡಿಮೆ. ಆದರೂ ಕೋರು ಮತ್ತು ಕ್ಯಾಶೆ ಹೆಚ್ಚಿದ್ದುದರಿಂದ ದೊಡ್ಡ ಕಚೇರಿಗಳ ಸರ್ವರ್ ಕೆಲಸದಲ್ಲಿ ಹೊಸದೇ ಮುಂದೆ. ಸೂಜಿ ನಿಧಾನವಾದರೂ ಯಂತ್ರಗಳು ಆರಾದವು ಎಂದು ತಿಳಿಯಿರಿ. ಆದ್ದರಿಂದ ಬಡಿತದ ಸಂಖ್ಯೆ ನೋಡಿಯೇ ಚಿಪ್ಪಿಗೆ ಬೆಲೆ ಕಟ್ಟಬಾರದು.

ನಾಲ್ಕು ಬಾಗಿಲುಗಳು

ಹೊಸ ಪ್ರೊಸೆಸರಿನಿಂದ ಓವರ್‌ಕ್ಲಾಕಿನ ಅವಕಾಶ ಹೆಚ್ಚಬೇಕಾದರೆ ನಾಲ್ಕು ಬಾಗಿಲುಗಳೂ ತೆರೆದಿರಬೇಕು. ಒಂದು ಮುಚ್ಚಿದ್ದರೂ ಮುಂದೆ ಹೋಗಲಾಗದು.

ಮೊದಲನೆಯದು ಚಿಪ್ಪಿನ ಬೀಗ. ಇಂದಿನ ಚಿಪ್ಪು 100 ಮೆಗಾಹರ್ಟ್ಸಿನ ಒಂದು ಮೂಲ ಬಡಿತವನ್ನು 31, 36, 44 ಹೀಗೆ ಒಂದು ಸಂಖ್ಯೆಯಿಂದ ಗುಣಿಸಿಕೊಂಡು ತನ್ನ ವೇಗ ಪಡೆಯುತ್ತದೆ. ಆ ಗುಣಕವನ್ನು ನಾವು ಬದಲಿಸಲು ಬಾರದಂತೆ ಕಂಪನಿ ಬೀಗ ಹಾಕಬಹುದು. ಇಂಟೆಲ್ 2011ರಿಂದ ಬಹುಪಾಲು 'ಕೆ' ಅಕ್ಷರವಿರುವ ದುಬಾರಿ ಚಿಪ್ಪುಗಳಿಗೆ ಮಾತ್ರ ಬೀಗ ತೆರೆದಿಡುತ್ತದೆ. ಎಎಂಡಿ ಕಂಪನಿ 2017ರಲ್ಲಿ ರೈಝೆನ್ ಸರಣಿಯ ಡೆಸ್ಕ್‌ಟಾಪ್ ಚಿಪ್ಪುಗಳನ್ನು ಬೀಗವಿಲ್ಲದೆ ಕೊಟ್ಟಿತು. ಆದರೆ ಅದೇ ಕಂಪನಿ 2022ರಲ್ಲಿ ತಂದ ರೈಝೆನ್ 7 5800ಎಕ್ಸ್3ಡಿ ಎಂಬ ಚಿಪ್ಪಿಗೆ ಬೀಗ ಹಾಕಿತ್ತು. ಆಟಗಳಿಗೆ ಅದು ಆಗ ಬಹಳ ವೇಗದ ಚಿಪ್. ಓವರ್‌ಕ್ಲಾಕಿಗೆ ಮಾತ್ರ ಹಳೆಯ ಅಗ್ಗದ ಚಿಪ್ಪಿಗಿಂತಲೂ ಕಡಿಮೆ ಅವಕಾಶ. ಹೊಸದು, ದುಬಾರಿ ಎಂದ ಮಾತ್ರಕ್ಕೆ ಬೀಗ ತೆರೆದಿರುತ್ತದೆ ಎಂದಲ್ಲ.

ಎರಡನೆಯದು ಮದರ್‌ಬೋರ್ಡಿನ ಬೀಗ. ಚಿಪ್ ತೆರೆದಿದ್ದರೂ ಬೋರ್ಡು ಒಪ್ಪಬೇಕು. ರೈಝೆನ್ ಚಿಪ್ಪುಗಳಿಗೆ ಬರುವ ಅಗ್ಗದ ಬೋರ್ಡಿನಲ್ಲಿ ಎ320 ಎಂಬ ಚಿಪ್‌ಸೆಟ್ ಇರುತ್ತದೆ. ಓವರ್‌ಕ್ಲಾಕ್ ಸೌಲಭ್ಯವನ್ನು ಎಎಂಡಿ ಅದಕ್ಕೆ ಕೊಟ್ಟಿಲ್ಲ. ಬಿ350, ಬಿ450, ಬಿ550 ಇವಕ್ಕೆ ಕೊಟ್ಟಿದೆ. ಈ ಅಕ್ಷರಗಳು ಬೋರ್ಡಿನ ಮೇಲೇ ಮುದ್ರಿತವಾಗಿರುತ್ತವೆ. ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದರೆ ಕಾಣುತ್ತದೆ.

ಮೂರನೆಯದು ಶಾಖ ಮತ್ತು ವಿದ್ಯುತ್ತು. ಹೆಚ್ಚಿದ ಶಾಖವನ್ನು ಹೊರಗೆ ಹಾಕುವ ಕೂಲರ್ ಬೇಕು. ಹೆಚ್ಚಿದ ವಿದ್ಯುತ್ತನ್ನು ನಡುಗದೆ ಕೊಡುವ ಒಳ್ಳೆಯ ಪವರ್ ಸಪ್ಲೈ ಬೇಕು. 2022ರಲ್ಲಿ ಇಂಟೆಲಿನ ಒಂದು ಚಿಪ್ಪನ್ನು 9 ಗಿಗಾಹರ್ಟ್ಸಿನ ಆಚೆಗೆ ಓಡಿಸಿ ದಾಖಲೆ ಮಾಡಿದರು. ಅದನ್ನು ತಣ್ಣಗಿಡಲು ಬಳಸಿದ್ದು ದ್ರವ ಹೀಲಿಯಮ್, ಅಂದರೆ ಸೊನ್ನೆಗಿಂತ ಸುಮಾರು 269 ಡಿಗ್ರಿ ಕೆಳಗಿನ ತಂಪು. ಅಂಥ ಓಟ ಕೆಲವು ಕ್ಷಣದ್ದು. ಮನೆಯ ಫ್ಯಾನಿನ ಗಾಳಿಯಲ್ಲಿ ದಿನವಿಡೀ ಓಡಬೇಕಾದ ಯಂತ್ರಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ನಾಲ್ಕನೆಯದು ಅದೃಷ್ಟ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳೆಲ್ಲ ಒಂದೇ ಸಮ ಇರುವುದಿಲ್ಲ. ಅಂಕೋಲಾದ ಕರಿ ಇಶಾಡ ಮಾವಿನ ಒಂದೇ ಮರದಲ್ಲಿ ಒಂದು ಹಣ್ಣು ಹೆಚ್ಚು ಸಿಹಿ, ಇನ್ನೊಂದು ಸ್ವಲ್ಪ ಕಡಿಮೆ ಇರುವಂತೆಯೇ ಇದೂ. ಕಂಪನಿ ಪ್ರತಿಯೊಂದನ್ನೂ ಪರೀಕ್ಷಿಸಿ ದರ್ಜೆ ಹಾಕುತ್ತದೆ. ಒಂದೇ ಹೆಸರಿನ ಎರಡು ಚಿಪ್ಪುಗಳಲ್ಲಿ ಒಂದು ಹೆಚ್ಚು ಏರಬಹುದು, ಇನ್ನೊಂದು ಏರದಿರಬಹುದು. ಕೊಳ್ಳುವ ಮೊದಲೇ ಇದನ್ನು ತಿಳಿಯುವ ದಾರಿ ನಮಗಿಲ್ಲ.

ಈಗ ಅಂಕೋಲಾದ ಕಂಪ್ಯೂಟರ್

ಸಹೋದರಿ ತಮ್ಮ ಪತ್ರದಲ್ಲಿ ವಿವರ ಸರಿಯಾಗಿ ಕೊಟ್ಟಿದ್ದಾರೆ. ಈಗಿರುವ ಪ್ರೊಸೆಸರ್ ರೈಝೆನ್ 3 1200. ಬೋರ್ಡು ಎ320. ಮಗ ಕೇಳುತ್ತಿರುವುದು ರೈಝೆನ್ 5 5600.

ಹಳೆಯದು 2017ರ ಚಿಪ್. ನಾಲ್ಕು ಕೋರು, ಮೂಲ ಬಡಿತ 3.1, ತಾನಾಗಿ ಏರುವ ಗರಿಷ್ಠ ಬಡಿತ 3.4 ಗಿಗಾಹರ್ಟ್ಸ್. ಹೊಸದು 2022ರದು. ಆರು ಕೋರು, ಒಂದೊಂದು ಕೋರೂ ಎರಡೆರಡು ಎಳೆಯ ಕೆಲಸ ಹಿಡಿಯಬಲ್ಲದು, ಮೂಲ ಬಡಿತ 3.5, ಗರಿಷ್ಠ 4.4. ದೊಡ್ಡ ಕ್ಯಾಶೆ ಹಳೆಯದರಲ್ಲಿ 8 ಎಂಬಿ, ಹೊಸದರಲ್ಲಿ 32 ಎಂಬಿ. ಎರಡಕ್ಕೂ ಕಂಪನಿ ಹೇಳಿದ ಶಾಖದ ಮಟ್ಟ ಮಾತ್ರ ಒಂದೇ, 65 ವ್ಯಾಟ್.

ಓವರ್‌ಕ್ಲಾಕಿನ ಪ್ರಶ್ನೆಗೆ ಉತ್ತರ ಇಲ್ಲಿ ಒಂದೇ ಸಾಲಿನದು. ಎರಡೂ ಚಿಪ್ಪುಗಳಿಗೆ ಬೀಗವಿಲ್ಲ, ಆದರೆ ಬೋರ್ಡಿಗೆ ಬೀಗವಿದೆ. ಹಳೆಯದರಲ್ಲೂ ಆಗದು, ಹೊಸದರಲ್ಲೂ ಆಗದು. ಚಿಪ್ ಬದಲಿಸಿದ್ದರಿಂದ ಆ ಅವಕಾಶ ಒಂದಿಷ್ಟೂ ಹೆಚ್ಚುವುದಿಲ್ಲ.

ಸರಿ, ಬೋರ್ಡನ್ನೂ ಬದಲಿಸಿದರೆ? ಆಗಿನ ಲೆಕ್ಕ ಇನ್ನೂ ಕುತೂಹಲದ್ದು. ಒಪ್ಪುವ ಬೋರ್ಡಿನಲ್ಲಿ ಹಳೆಯ 1200 ಚಿಪ್ಪನ್ನು ಜನ ಸಾಮಾನ್ಯವಾಗಿ 3.8, 3.9ರ ತನಕ ಏರಿಸುತ್ತಿದ್ದರು. ಅಂದರೆ 3.4ರ ಮೇಲೆ ಸುಮಾರು ಶೇಕಡಾ 15. ಹೊಸ 5600 ಸಾಮಾನ್ಯವಾಗಿ 4.6, 4.7ರ ತನಕ ಹೋಗುತ್ತದೆ. ಅಂದರೆ 4.4ರ ಮೇಲೆ ಸುಮಾರು ಶೇಕಡಾ 5ರಿಂದ 7. ಹೊಸ ಚಿಪ್ಪಿನಲ್ಲಿ ಮೀರಿ ಓಡುವ ಅವಕಾಶ ಹಳೆಯದಕ್ಕಿಂತ ಕಡಿಮೆ! ಆದರೆ ಯಾವ ಓವರ್‌ಕ್ಲಾಕೂ ಇಲ್ಲದೆ, ಡಬ್ಬಿಯಿಂದ ತೆಗೆದು ಕೂರಿಸಿದ ಕ್ಷಣದಿಂದಲೇ ಹೊಸದು ಬಹಳ ಮುಂದೆ.

ಇದು ಈ ಒಂದು ಜೋಡಿಯ ಮಾತಲ್ಲ. ಈಗ ಕಂಪನಿಗಳೇ ಚಿಪ್ಪಿನ ಶಕ್ತಿಯ ಬಹುಭಾಗವನ್ನು ಹಿಂಡಿ ಕೊಡುತ್ತಿವೆ. ಶಾಖ ಕಡಿಮೆಯಿದ್ದರೆ ಚಿಪ್ ತಾನೇ ಬಡಿತ ಏರಿಸಿಕೊಳ್ಳುತ್ತದೆ, ಕಾದರೆ ತಾನೇ ಇಳಿಸಿಕೊಳ್ಳುತ್ತದೆ. 1998ರಲ್ಲಿ ಹವ್ಯಾಸಿಗಳು ಕೈಯಾರೆ ಮಾಡುತ್ತಿದ್ದುದನ್ನು ಈಗ ಚಿಪ್ ಸೆಕೆಂಡಿಗೆ ಎಷ್ಟೋ ಸಲ ತಾನಾಗಿ ಮಾಡುತ್ತಿದೆ. ನಮಗೆ ಉಳಿಯುವುದು ಪಾತ್ರೆಯ ತಳಕ್ಕೆ ಅಂಟಿದ ಸ್ವಲ್ಪ ಮಾತ್ರ.

ಆ ಸ್ವಲ್ಪಕ್ಕೂ ಬೆಲೆಯಿದೆ. ಇಂಟೆಲ್ 2023ರಲ್ಲಿ ತಂದ ಐ9-14900ಕೆ ಚಿಪ್ ಕಂಪನಿಯ ಲೆಕ್ಕದಲ್ಲೇ 6 ಗಿಗಾಹರ್ಟ್ಸ್ ಮುಟ್ಟುತ್ತಿತ್ತು. ಆ ಪೀಳಿಗೆಯ ಮತ್ತು ಅದಕ್ಕಿಂತ ಹಿಂದಿನ ಪೀಳಿಗೆಯ ವೇಗದ ಡೆಸ್ಕ್‌ಟಾಪ್ ಚಿಪ್ಪುಗಳಲ್ಲಿ ಹಲವು ತಿಂಗಳುಗಳ ಬಳಕೆಯ ನಂತರ ಕೆಡತೊಡಗಿದವು. ಕಂಪ್ಯೂಟರ್ ನಡುವೆಯೇ ನಿಲ್ಲುತ್ತಿತ್ತು. ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಚಿಪ್ಪಿಗೆ ಹೋಗುತ್ತಿತ್ತೆಂದು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಇನ್ನೂ ಎರಡು ವರ್ಷ ವಿಸ್ತರಿಸಿತು. ಅದನ್ನು ಮಾಡಿದ ಕಂಪನಿಗೇ ಮಿತಿಯ ಅಂಚಿನಲ್ಲಿ ನಡೆಯುವುದು ಕಷ್ಟವಾಯಿತು ಎಂದಮೇಲೆ ನಮ್ಮ ಮಕ್ಕಳು ಎಚ್ಚರದಿಂದಿರುವುದು ಒಳ್ಳೆಯದು. ಓವರ್‌ಕ್ಲಾಕಿನಿಂದ ಚಿಪ್ ಕೆಟ್ಟರೆ ಎಎಂಡಿಯ ವಾರಂಟಿ ಸಿಗುವುದಿಲ್ಲ ಎಂಬುದನ್ನೂ ಮರೆಯಬಾರದು.

ನಮ್ಮ ಕರಾವಳಿಯ ಗಾಳಿ

ಬೇರೆ ಊರಿನ ಹುಡುಗರು ಏರಿಸಿ ತೋರಿಸಿದ ಸಂಖ್ಯೆಯನ್ನು ಕಾರವಾರ, ಅಂಕೋಲಾದಲ್ಲಿ ನಿರೀಕ್ಷಿಸಲಾಗದು. ಫ್ಯಾನಿನ ಕೂಲರ್ ಎಷ್ಟೇ ದೊಡ್ಡದಿದ್ದರೂ ಕೋಣೆಯ ಗಾಳಿಗಿಂತ ಚಿಪ್ಪನ್ನು ತಂಪು ಮಾಡಲಾರದು. ಬೆಂಗಳೂರಿನ ಚಳಿಗಾಲದಲ್ಲಿ ಕೋಣೆ 22 ಡಿಗ್ರಿ ಇದ್ದು, ನಮ್ಮಲ್ಲಿ ಏಪ್ರಿಲಿನ ಮಧ್ಯಾಹ್ನ 32 ಇದ್ದರೆ, ಅದೇ ಚಿಪ್ ಅದೇ ಕೂಲರಿನಲ್ಲಿ ಇಲ್ಲಿ ಸುಮಾರು 10 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಇಂದಿನ ಚಿಪ್ಪುಗಳು 95, 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಬಂದರೆ ತಾವೇ ವೇಗ ಇಳಿಸುತ್ತವೆ. ಏರಿಸಿದ್ದು ಅಲ್ಲೇ ಇಳಿದುಹೋಗುತ್ತದೆ. ಕರೆಂಟಿನ ಬಿಲ್ಲು ಮಾತ್ರ ಇಳಿಯುವುದಿಲ್ಲ.

ಕೋಡಿಬಾಗ, ಬೈತಖೋಲ, ಬೇಲೆಕೇರಿಯ ಕಡೆ ಮನೆಯಿದ್ದವರಿಗೆ ಉಪ್ಪುಗಾಳಿ ಏನು ಮಾಡುತ್ತದೆಂದು ಹೇಳಬೇಕಾಗಿಲ್ಲ. ಕಿಟಕಿಯ ಸರಳು, ಬೈಕಿನ ಚೈನು ಎಲ್ಲಕ್ಕೂ ತುಕ್ಕು. ಕಂಪ್ಯೂಟರಿನೊಳಗೂ ಲೋಹವಿದೆ. ತೇವದ ಗಾಳಿಯಲ್ಲಿ ಧೂಳು ಫ್ಯಾನಿನ ರೆಕ್ಕೆಗೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಹಾಗಾದಾಗ ಚಿಪ್ ಕಾದು, ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ. ಮನೆಯವರು "ಪ್ರೊಸೆಸರ್ ಹಳೆಯದಾಯಿತು" ಎಂದುಕೊಳ್ಳುತ್ತಾರೆ. ಎಷ್ಟೋ ಮನೆಗಳಲ್ಲಿ ಬೇಕಾಗಿರುವುದು ಒಂದು ಮೆತ್ತನೆಯ ಬ್ರಷ್ ಮತ್ತು ಚಿಪ್ಪಿನ ಮೇಲೆ ಒಣಗಿಹೋದ ಥರ್ಮಲ್ ಪೇಸ್ಟ್ ಬದಲಿಸುವುದು ಮಾತ್ರ. ಸ್ವಚ್ಛ ಮಾಡುವಾಗ ಪ್ಲಗ್ ತೆಗೆದಿರಬೇಕು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದಮೇಲೊಮ್ಮೆ ಇದನ್ನು ಮಾಡಿದರೆ ಸಾಕು.

ಸತತವಾಗಿ ಓಡುವುದರ ಬೆಲೆಯನ್ನು ನಮ್ಮ ಪಕ್ಕದ ಕೈಗಾವೇ ತೋರಿಸಿದೆ. ಕಾರವಾರ ತಾಲೂಕಿನ ಕೈಗಾ ಅಣು ವಿದ್ಯುತ್ ಕೇಂದ್ರದ 220 ಮೆಗಾವ್ಯಾಟಿನ ಒಂದನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರ ತನಕ 962 ದಿನ ನಿಲ್ಲದೆ ನಡೆಯಿತು. ಅಂದಿಗೆ ಅದು ವಿಶ್ವದಾಖಲೆ. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಕೇಂದ್ರದ ಒಂದು ಘಟಕ ಅದನ್ನು ದಾಟಿತು. ಕೈಗಾದ ಹೆಸರು ಜಗತ್ತಿಗೆ ತಿಳಿದದ್ದು ಗೊತ್ತಾದ ಮಿತಿಯೊಳಗೆ ನಿಲ್ಲದೆ ನಡೆದದ್ದರಿಂದ. ಮನೆಯ ಕಂಪ್ಯೂಟರಿಗೂ ಇದೇ ಗುಣ ಬೇಕು. ಪರೀಕ್ಷೆಯ ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಕಂಪ್ಯೂಟರ್ ನಿಂತುಹೋದರೆ, ಶೇಕಡಾ 5ರ ಹೆಚ್ಚುವರಿ ವೇಗದಿಂದ ಏನು ಬಂತು?

ಹಾಗಾದರೆ ಹಣ ಕೊಡಬೇಕೇ?

ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಕಂಪ್ಯೂಟರ್ ನಿಧಾನವಾದ ಹೊತ್ತಿನಲ್ಲಿ ಮಗನನ್ನು ಪಕ್ಕ ಕೂರಿಸಿಕೊಂಡು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಲು ಹೇಳಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂದು ಶೇಕಡಾ ಲೆಕ್ಕ ಕಾಣುತ್ತದೆ. ಡಿಸ್ಕ್ 100ರಲ್ಲಿ ನಿಂತಿದ್ದರೆ ತಪ್ಪು ಹಾರ್ಡ್‌ಡಿಸ್ಕಿನದು. ಅದರ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಹಳೆಯ ಯಂತ್ರವೂ ಚುರುಕಾಗುತ್ತದೆ. ಮೆಮೊರಿ 90 ದಾಟಿದ್ದರೆ ರ‍್ಯಾಮ್ ಸಾಲದು. ಸಿಪಿಯು ಮಾತ್ರ 100ರಲ್ಲಿ ನಿಂತು ಉಳಿದವು ಖಾಲಿಯಿದ್ದರೆ, ಮೊದಲು ಧೂಳು ತೆಗೆಸಿ ನೋಡಿ. ಆಮೇಲೂ ಹಾಗೇ ಇದ್ದರೆ ಪ್ರೊಸೆಸರ್ ಬೇಕೆಂಬ ಮಗನ ಮಾತಿನಲ್ಲಿ ಹುರುಳಿದೆ. ಆಟ ಆಡುವಾಗ ಮಾತ್ರ ತೊಂದರೆ, ಜಿಪಿಯು 99 ಎಂದು ತೋರಿಸಿದರೆ, ಅದು ಗ್ರಾಫಿಕ್ಸ್ ಕಾರ್ಡಿನ ವಿಷಯ.

ಅಂಕೋಲಾದ ಮನೆಯಲ್ಲಿ ಪ್ರೊಸೆಸರ್ ಬದಲಿಸಲು ಇನ್ನೊಂದು ಗಟ್ಟಿ ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿ ರೈಝೆನ್ 3 1200 ಇಲ್ಲ. ರೈಝೆನ್ 5 5600 ಇದೆ. ಬಿಸಿಎ ಓದುವ ಹುಡುಗನಿಗೆ ಇದು ಓವರ್‌ಕ್ಲಾಕಿಗಿಂತ ದೊಡ್ಡ ಕಾರಣ. ಬಹುಶಃ ಅವನಿಗೇ ಅದು ಹೊಳೆದಿಲ್ಲ.

ಎ320 ಬೋರ್ಡಿನಲ್ಲಿ ಈ ಹೊಸ ಚಿಪ್ ಕೂರಬಹುದು. 2022ರಲ್ಲಿ ಎಎಂಡಿ ಅದಕ್ಕೆ ಅನುಮತಿ ಕೊಟ್ಟಿದೆ. ಆದರೆ ನಿಮ್ಮ ಬೋರ್ಡಿನ ಕಂಪನಿ ಅದಕ್ಕೆ ತಕ್ಕ ಬಯೋಸ್ ಕೊಟ್ಟಿದೆಯೇ ಎಂದು ಮಾಡೆಲ್ ಸಂಖ್ಯೆ ಹಿಡಿದು ನೋಡಬೇಕು. ಹಳೆಯ ಚಿಪ್ ಇರುವಾಗಲೇ ಬಯೋಸ್ ಬದಲಿಸಿಕೊಳ್ಳಬೇಕು. ಆ ಕೆಲಸ ನಡೆಯುವಾಗ ಕರೆಂಟು ಹೋದರೆ ಬೋರ್ಡೇ ಏಳದಂತೆ ಆಗಬಹುದು. ಆದ್ದರಿಂದ ಗುಡುಗು ಮಳೆಯ ದಿನ ಬೇಡ, ಯುಪಿಎಸ್ ಇಲ್ಲದೆ ಬೇಡ. ಎರಡೂ ಚಿಪ್ಪುಗಳು 65 ವ್ಯಾಟಿನವೇ ಆದ್ದರಿಂದ ಪವರ್ ಸಪ್ಲೈ ಚೆನ್ನಾಗಿದ್ದರೆ ಬದಲಿಸುವ ಅಗತ್ಯ ಬರಲಾರದು. ಓವರ್‌ಕ್ಲಾಕಿಗಾಗಿ ಹೊಸ ಬೋರ್ಡು, ದೊಡ್ಡ ಕೂಲರು ಎಂದು ಪಟ್ಟಿ ಬೆಳೆದರೆ ಮಾತ್ರ ಕಪಾಟಿನ ಬಾಗಿಲು ಮುಚ್ಚಿ. ಆ ಹಣದಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಯುಪಿಎಸ್ ತಂದರೆ ದಿನದಿನವೂ ಲಾಭ.

ಕಾರವಾರದ ಸಹೋದರಿಗೆ ಉತ್ತರ ಚಿಕ್ಕದು. ಇಂದಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಬದಲಿಸಲು ಬರುವುದಿಲ್ಲ. ಬೀಗವೂ ಹೆಚ್ಚಿನವಕ್ಕೆ ಇರುತ್ತದೆ. ಬದಲಿಸಿಕೊಡುತ್ತೇನೆ ಎಂದು ಯಾರಾದರೂ ಹಣ ಕೇಳಿದರೆ ಎರಡು ಸಲ ವಿಚಾರಿಸಿ. ರ‍್ಯಾಮ್ ಹೆಚ್ಚಿಸಲು ಜಾಗವಿದೆಯೇ, ಎಸ್‌ಎಸ್‌ಡಿ ಹಾಕಬಹುದೇ ಎಂದು ಕೇಳಿ. ಒಳಗಿನ ಫ್ಯಾನು ಸ್ವಚ್ಛ ಮಾಡಿಸಿ. ಹಾಸಿಗೆಯ ಮೇಲೆ, ಚಾದರದ ಮೇಲೆ ಲ್ಯಾಪ್‌ಟಾಪ್ ಇಟ್ಟು ಬಳಸಬಾರದೆಂದು ಮಗಳಿಗೆ ಹೇಳಿ. ಕೆಳಗಿನ ಗಾಳಿಕಿಂಡಿ ಮುಚ್ಚಿದರೆ ಯಾವ ಚಿಪ್ಪೂ ಓಡಲಾರದು.

ಒಂದು ಮಾತು ಮಕ್ಕಳ ಪರವಾಗಿಯೂ ಹೇಳಬೇಕು. ಓವರ್‌ಕ್ಲಾಕ್ ಕೆಟ್ಟ ಚಟವೇನಲ್ಲ. ವೋಲ್ಟೇಜ್, ಶಾಖ, ಚಿಪ್ಪಿನ ಒಳಗುಟ್ಟು ಎಲ್ಲವನ್ನೂ ಅದು ಕಲಿಸುತ್ತದೆ. ಈಗ ತಿಳಿದವರು ಅದರ ಇನ್ನೊಂದು ಬಗೆಯನ್ನು ಹಿಡಿದಿದ್ದಾರೆ. ವೇಗ ಅಷ್ಟೇ ಇಟ್ಟುಕೊಂಡು ವೋಲ್ಟೇಜನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ, ಎಷ್ಟು ಕಡಿಮೆ ಶಾಖದಲ್ಲಿ ಅದೇ ಕೆಲಸ ತೆಗೆಯಬಹುದು ಎಂದು ನೋಡುತ್ತಾರೆ. ಅದಕ್ಕೆ ಅಂಡರ್‌ವೋಲ್ಟ್ ಎಂದು ಹೆಸರು. ಅದಕ್ಕೂ ಬೋರ್ಡಿನ ಒಪ್ಪಿಗೆ ಬೇಕು, ತಾಳ್ಮೆ ಬೇಕು. ನಮ್ಮ ಸೆಖೆಯ ಊರಿಗೆ ಹೊಂದುವ ವಿದ್ಯೆ ಅದು.

ಆದ್ದರಿಂದ ಮಗನನ್ನು ಗದರಬೇಡಿ. ಚಿಪ್ಪಿಗೆ ಬೀಗವಿದೆಯೇ? ಬೋರ್ಡು ಯಾವುದು? ಶಾಖಕ್ಕೂ ವಿದ್ಯುತ್ತಿಗೂ ಏನು ವ್ಯವಸ್ಥೆ? ಏರಿಸದೆ ಹೋದರೂ ಈ ಚಿಪ್ ನಮಗೆ ಬೇಕೇ? ಈ ನಾಲ್ಕು ಪ್ರಶ್ನೆಗೆ ಒಂದು ಹಾಳೆಯಲ್ಲಿ ಉತ್ತರ ಬರೆದು ತರಲು ಹೇಳಿ. ಕೊನೆಯ ಪ್ರಶ್ನೆಗೆ ಅವನು ಹೌದೆಂದು ಕಾರಣ ಸಮೇತ ಬರೆದರೆ ಹಣ ಕೊಡಿ, ಧೈರ್ಯವಾಗಿ ಕೊಡಿ.